ಬಾನೆಟ್ಟಿಗೊಂದು ಗವಾಕ್ಷಿ

ಶ್ರಾವಣ ಬಂತೆಂದರೆ ಆದೋನಿ ಸೀಮೆಯ ಉರುಕುಂದದ ದಾರಿಯಲ್ಲಿ ಎರಡು ಜಾತ್ರೆ. ಒಂದು ಈರಣ್ಣಸ್ವಾಮಿಯದು, ಇನ್ನೊಂದು ಬಾನೆಟ್ ತೆರೆದು ನಿಂತ ಗಾಡಿಗಳದು. ಸಿರುಗುಪ್ಪ, ಬಳ್ಳಾರಿ, ರಾಯಚೂರು ಕಡೆಯಿಂದ ಸ್ವಾಮಿಗೆ ನಡೆದುಕೊಳ್ಳುವವರು ಟ್ರ್ಯಾಕ್ಟರ್, ಟೆಂಪೊ, ಜೀಪು, ಕಾರು, ಸಿಕ್ಕಿದ್ದರಲ್ಲಿ ಬರುತ್ತಾರೆ. ಕೌತಾಳಂ ದಾಟಿದ ಮೇಲೆ ಗಾಡಿಗಳು ಇರುವೆ ಸಾಲಿನಂತೆ ತೆವಳುತ್ತವೆ. ಹತ್ತಿಪ್ಪತ್ತು ನಿಮಿಷ ಕಳೆಯುವುದರೊಳಗೆ ಯಾವುದೋ ಒಂದರ ಮೂಗಿನಿಂದ ಹಬೆ ಏಳುತ್ತದೆ. ಡ್ರೈವರ್ ಇಳಿದು ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸುತ್ತಾನೆ. ಒಬ್ಬ ಬಾಟಲಿ ನೀರು ತರುತ್ತಾನೆ. ಇನ್ನೊಬ್ಬ, "ಏ, ಮುಚ್ಚಳ ಈಗಲೇ ತೆಗಿಬ್ಯಾಡಪ, ಮುಖ ಬೇಯ್ತೈತಿ" ಎಂದು ಕೂಗುತ್ತಾನೆ. ಆ ಕೂಗು ಸರಿಯಾದದ್ದೇ. ರೇಡಿಯೇಟರ್ ಒಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಇಳಿದು ಒಮ್ಮೆಲೇ ಕುದಿದು ಮೇಲೆ ಚಿಮ್ಮುತ್ತದೆ.

ಎರಡು ವರ್ಷದ ಹಿಂದೆ ಹೀಗೇ ಒಂದು ಸಾಲಿನಲ್ಲಿ ಸಿಕ್ಕಿಕೊಂಡಿದ್ದಾಗ ನನ್ನ ಸೋದರತ್ತೆಯ ಮಗ ತನ್ನ ಕಾರಿನ ದೂರು ಶುರುಮಾಡಿದ. ಅವನಿಗೆ ಬೆಂಗಳೂರಿನಲ್ಲಿ ಕೆಲಸ, ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನ ಹುಚ್ಚು. 1990ರಲ್ಲಿ ಶುರುವಾದ, ಒಂದು ಸುತ್ತಿಗೆ 3.7 ಕಿಲೋಮೀಟರಿನ ಆ ಹಾದಿಯಲ್ಲಿ ರಜೆಯ ದಿನ ಸ್ವಂತ ಗಾಡಿ ಓಡಿಸಲು ಬೆಂಗಳೂರಿನಿಂದ ಹೋಗುವವರು ಬಹಳ ಮಂದಿ. "ಭಾವ, ಈ ಜಾತ್ರೆ ಸಾಲಿನಲ್ಲಿ ಕಾವಿನ ಮುಳ್ಳು ಅಲ್ಲಾಡೋದಿಲ್ಲ ನೋಡಿ. ಅಲ್ಲಿ ಮೂರೇ ಸುತ್ತಿಗೆ ಕೆಂಪು ಗೆರೆಗೆ ಹೋಗುತ್ತೆ. ಅಷ್ಟು ಗಾಳಿ ಬಡಿಯುವಾಗ ಯಾಕೆ ಕಾಯಬೇಕು?"

ನಮ್ಮ ಪಕ್ಕದಲ್ಲಿ ಕೂತಿದ್ದ ಆದೋನಿಯ ಗ್ಯಾರೇಜ್ ಮೇಸ್ತ್ರಿ ಅದಕ್ಕೆ ಕೊಟ್ಟ ಉತ್ತರವೇ ಈ ಬರಹಕ್ಕೆ ಕಾರಣ. "ಇಲ್ಲಿ ಗಾಳಿ ಬರವಲ್ದು, ಅದಕ್ಕ ಕುದಿತಾವು. ಅಲ್ಲಿ ಬಂದ ಗಾಳಿ ಹೊರಗ ಹೋಗವಲ್ದು, ಅದಕ್ಕ ಕುದಿತೈತಿ. ನಿಮ್ಮ ಅಡುಗಿ ಮನ್ಯಾಗ ಗವಾಕ್ಷಿ ಇಲ್ಲೇನು?"

ಗವಾಕ್ಷಿ ಎಂದರೆ ಈ ಸೀಮೆಯವರಿಗೆ ವಿವರಿಸಬೇಕಿಲ್ಲ. ಆದೋನಿ, ಬಳ್ಳಾರಿ, ರಾಯಚೂರಿನ ಮಣ್ಣಿನ ಮಾಳಿಗೆ ಮನೆಗಳಲ್ಲಿ ಒಲೆಯ ನೆತ್ತಿಗೆ ಒಂದು ಕಿಂಡಿ. ಹಗಲು ಬೆಳಕು ಅದರಿಂದ ಇಳಿಯುತ್ತದೆ, ಹೊಗೆ ಮತ್ತು ಸೆಕೆ ಅದರಿಂದ ಏರುತ್ತವೆ. ಬಾಗಿಲು ಎಷ್ಟು ದೊಡ್ಡದಿದ್ದರೂ ಗವಾಕ್ಷಿ ಮುಚ್ಚಿದರೆ ಅಡುಗೆಮನೆಯಲ್ಲಿ ಕಣ್ಣು ಬಿಡಲಾಗದು. ಕಾರಿನ ಗ್ರಿಲ್ ಬಾಗಿಲಿದ್ದಂತೆ. ಗವಾಕ್ಷಿ ಇಲ್ಲದೆ ಕಟ್ಟಿದ ಅಡುಗೆಮನೆಯೇ ಇವತ್ತಿನ ಬಹುಪಾಲು ಕಾರುಗಳ ಎಂಜಿನ್ ಗೂಡು.

ಮೊದಲು ಹಾಗಿರಲಿಲ್ಲ. 1920, 30ರ ದಶಕದ ಬಹುತೇಕ ಕಾರುಗಳ ಚಿತ್ರದಲ್ಲಿ ಬಾನೆಟ್ಟಿನ ಎರಡು ಪಕ್ಕಕ್ಕೂ ಮೀನಿನ ಕಿವಿರಿನಂಥ ಸೀಳುಗಳ ಸಾಲು ಕಾಣುತ್ತದೆ. ಅವು ಸೊಗಸಿಗೆ ಇಟ್ಟವಲ್ಲ. ಬಹುಪಾಲು ಫೋರ್ಡ್ ಮಾಡೆಲ್ ಟಿಗಳಲ್ಲಿ ನೀರು ತಳ್ಳಲು ಪಂಪ್ ಕೂಡ ಇರಲಿಲ್ಲ. ಬಿಸಿ ನೀರು ತಾನಾಗಿ ಮೇಲೇರುವುದು, ತಣಿದದ್ದು ಕೆಳಗಿಳಿಯುವುದು, ಅಷ್ಟರಲ್ಲೇ ಸಂಸಾರ. ಅಂಥ ಕಾಲದಲ್ಲಿ ಎಂಜಿನ್ನಿನ ಸುತ್ತಲಿನ ಕಾವು ಹೊರಹೋಗುವುದು ಅನಿವಾರ್ಯವಾಗಿತ್ತು. ಆಮೇಲೆ ಪಂಪ್ ಬಂತು, ಒತ್ತಡದ ಮುಚ್ಚಳ ಬಂತು, ಫ್ಯಾನು ಚೆನ್ನಾಯಿತು. ಬಾನೆಟ್ ಅಗಲವಾಗಿ, ನುಣುಪಾಗಿ, ಮಳೆನೀರು ಒಳಗಿಳಿಯದಂತೆ ಮುಚ್ಚಿಕೊಂಡಿತು. ಕಿವಿರುಗಳು ಮಾಯವಾದವು. ಊರಿನ ರಸ್ತೆಗೆ ಅಷ್ಟೇ ಸಾಕಿತ್ತು.

ಗಾಳಿಯ ಹೊರದಾರಿಯನ್ನು ಲೆಕ್ಕ ಹಾಕಿ ವಿದ್ಯೆಯಾಗಿ ಮಾಡಿದವರು ವಿಮಾನದವರು. ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಶೋಧನಾ ಸಂಸ್ಥೆಯಲ್ಲಿದ್ದ ಫ್ರೆಡರಿಕ್ ಮೆರೆಡಿತ್ 1930ರ ದಶಕದ ನಡುವಿನಲ್ಲಿ ತೋರಿಸಿದ್ದು ಇದು: ರೇಡಿಯೇಟರ್ ಮುಂದೆ ಗಾಳಿಯನ್ನು ನಿಧಾನಗೊಳಿಸಿ, ಅದರ ಮೂಲಕ ಹಾಯಿಸಿ, ಕಾದು ಹಿಗ್ಗಿದ ಮೇಲೆ ಸಣ್ಣ ಬಾಯಿಂದ ವೇಗವಾಗಿ ಹಿಂದಕ್ಕೆ ಬಿಟ್ಟರೆ ರೇಡಿಯೇಟರಿನಿಂದಾಗುವ ಎಳೆತ ಬಹಳ ಮಟ್ಟಿಗೆ ತೀರುತ್ತದೆ. ಎರಡನೇ ಮಹಾಯುದ್ಧದ ಮಸ್ಟಾಂಗ್ ವಿಮಾನದ ಹೊಟ್ಟೆಯಡಿ ಜೋತ ಜೋಳಿಗೆಯಂಥ ಗೂಡು ಇದೇ. ಅದರ ಹಿಂಬಾಯಿಗೆ ತೆರೆದು ಮುಚ್ಚುವ ಬಾಗಿಲಿತ್ತು. ಗಾಳಿ ಎಷ್ಟು ಹಾಯಬೇಕೆಂಬುದನ್ನು ಆ ಹಿಂಬಾಗಿಲಿನಿಂದಲೇ ಹತೋಟಿಯಲ್ಲಿಡುತ್ತಿದ್ದರು.

ಯುದ್ಧ ಮುಗಿದ ಮೇಲೆ ವೇಗದ ಕಾರು ಕಟ್ಟುವವರೂ ಗಾಳಿಯ ಹೊರದಾರಿಯನ್ನು ಹಿಡಿದರು. 1961ರ ಜಾಗ್ವಾರ್ ಇ-ಟೈಪಿನ ಉದ್ದ ಬಾನೆಟ್ ಮೇಲೆ ಸೀಳುಗಳ ಎರಡು ಸಾಲು ಎದ್ದು ಕಾಣುತ್ತವೆ. ಮೊದಮೊದಲ ಕಾರುಗಳಲ್ಲಿ ಆ ಸೀಳಿನ ತಗಡನ್ನು ಬೇರೆಯೇ ಮಾಡಿ ಬಾನೆಟ್ಟಿಗೆ ವೆಲ್ಡ್ ಮಾಡುತ್ತಿದ್ದರು. ಆಮೇಲೆ ಬಾನೆಟ್ ಒತ್ತುವಾಗಲೇ ಸೀಳೂ ಬರುವಂತಾಯಿತು. ಫೋರ್ಡ್ ಜಿಟಿ40ಯ ಎಂಜಿನ್ ಹಿಂದಿದ್ದರೂ ರೇಡಿಯೇಟರ್ ಮೂಗಿನಲ್ಲಿತ್ತು. ಕಾದ ಗಾಳಿ ಮೂಗಿನ ಮೇಲಿಂದಲೇ ಹೊರಬೀಳುತ್ತಿತ್ತು. 1980ರ ದಶಕದ ಕೊನೆಯ ಲ್ಯಾಂಚಿಯಾ ಡೆಲ್ಟಾ ಇಂಟೆಗ್ರಾಲೆ, ಅದರ ಹಿಂದೆ ಬಂದ ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್, ಇಂಥ ರ‍್ಯಾಲಿ ಗಾಡಿಗಳ ಬಾನೆಟ್ ಅಂತೂ ಜರಡಿಯೇ. ಟರ್ಬೊ ಕೆಂಪಗೆ ಕಾಯುವಾಗ ಬೇರೆ ದಾರಿ ಇರಲಿಲ್ಲ.

ಇಲ್ಲೇ ನಮ್ಮವರೆಲ್ಲ ಒಂದು ಗೊಂದಲಕ್ಕೆ ಬೀಳುತ್ತಾರೆ. ಹಳೆಯ ಟೊಯೋಟಾ ಫಾರ್ಚುನರ್ ಡೀಸೆಲ್ ಬಾನೆಟ್ ಮೇಲೆ ಬಾಯಿ ತೆರೆದ ಉಬ್ಬು ಇತ್ತಲ್ಲ, ಸುಬರು ಇಂಪ್ರೆಝಾ ಟರ್ಬೊಗೂ ಇತ್ತಲ್ಲ, ಅದು ಗವಾಕ್ಷಿಯಲ್ಲ. ಅದು ಮುಂದಕ್ಕೆ ಮುಖ ಮಾಡಿದ ಬಾಯಿ, ಕೆಳಗೆ ಕೂತ, ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮೇಲೆ ತಣ್ಣನೆ ಗಾಳಿ ಸುರಿಯಲು ಇರುವಂಥದು. ಇದನ್ನು ನೋಡಿ ಬಾನೆಟ್ಟಿಗೆ ತೂತು ಎಂದರೆ ಗಾಳಿ ಒಳಗೆ ನುಗ್ಗಲು ಎಂದು ಮಂದಿ ನಂಬಿಬಿಟ್ಟಿದ್ದಾರೆ. ಬಿಡಿಭಾಗದ ಅಂಗಡಿಗಳಲ್ಲಿ ಗೋಂದಿನ ಟೇಪು ಹಚ್ಚಿ ಅಂಟಿಸುವ ಪ್ಲಾಸ್ಟಿಕ್ ಉಬ್ಬು ಸಿಗುತ್ತದೆ. ಅದರ ಕೆಳಗೆ ತೂತೇ ಇರುವುದಿಲ್ಲ. ಮದುವೆಗೆ ತೊಡುವ ಉಮಾ ಗೋಲ್ಡಿನ ಸರದ ಜಾತಿ ಅದು. ಹಾಕಿಕೊಂಡವರಿಗೆ ಖುಷಿಯಿದ್ದರೆ ನಮ್ಮದೇನು ಗಂಟು ಹೋಗುತ್ತದೆ!

ನನ್ನ ಸೋದರತ್ತೆಯ ಮಗ ಅಷ್ಟು ದಡ್ಡನಲ್ಲ. ಆದರೆ ಅವನು ಮಾಡಿದ್ದು ಅದಕ್ಕಿಂತ ವಾಸಿಯೇನಲ್ಲ. ಬಾನೆಟ್ಟಿನ ಹಿಂಬದಿ ಕೀಲಿಗೆ ವಾಷರ್ ಕೊಟ್ಟು, ಗಾಜಿನ ಕಡೆಯ ಅಂಚು ಒಂದು ಇಂಚು ಎದ್ದು ನಿಲ್ಲುವಂತೆ ಮಾಡಿದ. ನಿಂತ ಗಾಡಿಯಲ್ಲಿ ಅಲ್ಲಿಂದ ಸೆಕೆ ಭುಸ್ಸೆಂದು ಬರುವುದು ಕೈಗೆ ತಿಳಿಯುತ್ತಿತ್ತು. ಟ್ರ್ಯಾಕಿಗೆ ಹೋದರೆ ಮುಳ್ಳು ಮೊದಲಿಗಿಂತ ಬೇಗ ಏರಿತು.

ಯಾಕೆಂದು ತಿಳಿಯಲು ನಮಗೆ ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ಗೌಂಡಿಗಳು ಗೋಡೆಯ ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಇರುತ್ತದಲ್ಲ, ಅದರಲ್ಲಿ ಒಂದು ತುಂಡು ಸಾಕಾಯಿತು. ಅದನ್ನು ಯು ಆಕಾರಕ್ಕೆ ಬಾಗಿಸಿ ಹಲಗೆಗೆ ಕಟ್ಟಿ, ಕುಂಕುಮ ಕಲಸಿದ ನೀರು ತುಂಬಿದೆವು. ಒಂದು ತುದಿಗೆ ಸಣ್ಣ ನಳಿಗೆ ಜೋಡಿಸಿ ಎಂಜಿನ್ ಗೂಡಿನೊಳಗೆ ಬಿಟ್ಟೆವು. ಇನ್ನೊಂದನ್ನು ಬಾನೆಟ್ ಮೇಲೆ ಬೇರೆ ಬೇರೆ ಕಡೆ ಟೇಪಿನಿಂದ ಅಂಟಿಸುತ್ತ ಹೋದೆವು. ಬೆಳಗಿನ ಜಾವ ಖಾಲಿ ಹೆದ್ದಾರಿಯಲ್ಲಿ ಅವನು ಓಡಿಸಿದ, ನಾನು ಮಡಿಲಲ್ಲಿ ಹಲಗೆ ಇಟ್ಟುಕೊಂಡು ಕೂತೆ. ನಳಿಗೆಯನ್ನು ರೇಡಿಯೇಟರ್ ಹಿಂದೆಯೇ, ಬಾನೆಟ್ಟಿನ ಮುಂಭಾಗದಲ್ಲಿ ಅಂಟಿಸಿದಾಗ ಕೆಂಪು ನೀರು ಆ ಕಡೆಗೆ ಸರ್ರನೆ ಏರಿತು. ಎಂದರೆ ಹೊರಗೆ ಒತ್ತಡ ಕಡಿಮೆ, ಒಳಗೆ ಹೆಚ್ಚು. ಅಲ್ಲಿ ತೂತು ಬಿದ್ದರೆ ಗಾಳಿ ತಾನೇ ಹೊರಗೆ ಹೀರಿಕೊಂಡು ಹೋಗುತ್ತದೆ. ಗಾಜಿನ ಬುಡಕ್ಕೆ ಸರಿಸಿದಾಗ ನೀರು ಉಲ್ಟಾ ಹೊಡೆಯಿತು. ಓಡುವ ಗಾಳಿ ನಿಂತ ಗಾಜಿಗೆ ಡಿಕ್ಕಿ ಹೊಡೆದು ಅಲ್ಲಿ ಒತ್ತಡ ಕಟ್ಟಿಕೊಳ್ಳುತ್ತದೆ. ಕ್ಯಾಬಿನ್ನಿಗೆ ಗಾಳಿ ಎಳೆಯುವ ಜಾಲರಿಯನ್ನು ಕಂಪನಿಗಳು ಅಲ್ಲೇ ಇಡುವುದು ಅದಕ್ಕೇ. ಷೆವರ್ಲೆಯವರು 1970ರ ಸುಮಾರಿಗೆ ತಮ್ಮ ಕೆಲವು ಕಾರುಗಳ ಎಂಜಿನ್ನಿಗೆ ಉಸಿರು ಎಳೆದದ್ದೂ ಗಾಜಿನ ಬುಡದಿಂದಲೇ. ನಮ್ಮ ಹುಡುಗ ಹೊರದಾರಿ ಎಂದುಕೊಂಡು ಇನ್ನೊಂದು ಒಳದಾರಿ ತೆರೆದಿದ್ದ. ಗ್ರಿಲ್ಲಿನಿಂದ ಬರುವ ಗಾಳಿಗೆ ಹಿಂದಿನಿಂದ ಬರುವ ಗಾಳಿ ಅಡ್ಡಗಾಲು ಹಾಕುತ್ತಿತ್ತು.

ಈ ಒತ್ತಡ ಎಷ್ಟೆಂದು ಕೇಳಿದರೆ ನಗು ಬರಬಹುದು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಪೂರ್ತಿ ಒತ್ತಡ ಆ ಪೈಪಿನ ಎರಡು ಕಾಲುಗಳ ನಡುವೆ ನಾಲ್ಕೂವರೆ ಸೆಂಟಿಮೀಟರಿಗಿಂತ ಚೂರು ಹೆಚ್ಚು ನೀರಿನ ಅಂತರ ಮಾಡಬಲ್ಲದು, ಅಷ್ಟೇ. 160ಕ್ಕೆ ಹೋದರೆ ಹನ್ನೆರಡು ಸೆಂಟಿಮೀಟರ್. ಗಾಳಿಗೆ ಇರುವ ಬಂಡವಾಳ ಇಷ್ಟೇ ಆದ್ದರಿಂದ ಎಂಜಿನ್ ಗೂಡಿನೊಳಗೆ ಒತ್ತಡ ಕಟ್ಟಿಕೊಂಡರೆ ಎದುರುಗಾಳಿ ರೇಡಿಯೇಟರ್ ದಾಟುವುದನ್ನೇ ಬಿಟ್ಟು ಪಕ್ಕಕ್ಕೆ ಸರಿದು ಹೋಗುತ್ತದೆ. ಹೇಗೋ ಒಳಹೊಕ್ಕ ಗಾಳಿ ಕಾರಿನ ಅಡಿಯಿಂದ ಜಾರಿ ಮುಂಭಾಗವನ್ನು ಮೇಲಕ್ಕೆತ್ತಲು ನೋಡುತ್ತದೆ. ಬಾನೆಟ್ ಮೇಲಿಂದ ಬಿಟ್ಟರೆ ಆ ಎತ್ತುವಿಕೆಯೂ ತಗ್ಗುತ್ತದೆ, ತಿರುವಿನಲ್ಲಿ ಮುಂದಿನ ಚಕ್ರ ನೆಲ ಕಚ್ಚುತ್ತದೆ.

ನಮ್ಮ ಸೀಮೆಯ ಬಿಸಿಲಿನ ಲೆಕ್ಕವೂ ಬೇರೆ. ರೇಡಿಯೇಟರ್ ಎಷ್ಟು ಕಾವು ಬಿಡುತ್ತದೆಂಬುದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ನೀರು 95 ಡಿಗ್ರಿ, ಹೊರಗೆ 15 ಡಿಗ್ರಿ ಇದ್ದರೆ ಅಂತರ 80. ಮೇ ತಿಂಗಳ ಆದೋನಿಯ 42 ಡಿಗ್ರಿಗೆ ಅದು 53ಕ್ಕೆ ಇಳಿಯುತ್ತದೆ. ಅದೇ ರೇಡಿಯೇಟರ್, ಅಷ್ಟೇ ಗಾಳಿ, ಕೆಲಸ ಮಾತ್ರ ಮೂರರಲ್ಲಿ ಒಂದು ಪಾಲು ಕಡಿತ. ಹತ್ತಿ ಎಳೆಯೋ ಜೋಳದ ಹೊಟ್ಟೋ ಜಾಲರಿಗೆ ಮೆತ್ತಿಕೊಂಡರೆ ಇನ್ನೂ ಕಡಿಮೆ. ನಮ್ಮ ಟ್ರ್ಯಾಕ್ಟರುಗಳ ಎಂಜಿನ್ ಪಕ್ಕೆಗಳನ್ನು ತೆರೆದೋ ಜಾಲರಿ ಇಟ್ಟೋ ಬಿಟ್ಟಿರುವುದು ಸುಮ್ಮನಲ್ಲ.

ಬಾನೆಟ್ಟಿಗೆ ಗವಾಕ್ಷಿ ಕೊರೆಯುವುದೆಂದು ನಿರ್ಧಾರವಾಯಿತು. ಆದರೆ ಮೇಸ್ತ್ರಿ ಬ್ಲೇಡು ಹಿಡಿಯುವ ಮೊದಲು ಒಂದು ದಿನ ಬೇರೆಯೇ ಕೆಲಸ ಮಾಡಿದ. ರೇಡಿಯೇಟರನ್ನು ನೀರು ಬಿಟ್ಟು ತೊಳೆದ, ಥರ್ಮೋಸ್ಟ್ಯಾಟನ್ನು ಪಾತ್ರೆಯ ನೀರಲ್ಲಿ ಕುದಿಸಿ ತೆರೆಯುವುದನ್ನು ನೋಡಿದ, ರೇಡಿಯೇಟರಿನ ನಾಲ್ಕೂ ಅಂಚಿಗೆ ಸ್ಪಂಜು ತುಂಬಿ ಸಂದಿ ಮುಚ್ಚಿದ. "ಸಂದಿ ಬಿಟ್ಟು ತೂತು ಹೊಡದ್ರ ಮನಿ ಕೊಟ್ಟು ಹೊಲ ತಗೊಂಡಂಗ" ಎಂದ. ಎಷ್ಟೋ ಗಾಡಿಗಳಿಗೆ ಇಷ್ಟೇ ಸಾಕಾಗುತ್ತದಂತೆ. ನಮ್ಮದಕ್ಕೆ ಸಾಕಾಗಲಿಲ್ಲ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಬಿಗಿಯಾಗಿ ಹೇಳಿತು. ಹಾಗಾಗಿ ಗುಜರಿಯಿಂದ ಇನ್ನೊಂದು ಬಾನೆಟ್ ತಂದೆವು. ರಸ್ತೆಗೆ ಒಂದು, ಟ್ರ್ಯಾಕಿಗೆ ಒಂದು.

ಬಾನೆಟ್ಟನ್ನು ಮಗುಚಿ ಹಾಕಿ ಮೇಸ್ತ್ರಿ ಒಳಮೈಯ ಪಟ್ಟಿಗಳನ್ನು ಸೀಮೆಸುಣ್ಣದಲ್ಲಿ ಮೊದಲು ಗುರುತಿಸಿದ. ಬಾನೆಟ್ಟಿನ ಬಲವೆಲ್ಲ ಆ ಪಕ್ಕೆಲುಬುಗಳಲ್ಲಿದೆ, ಅವನ್ನು ಕತ್ತರಿಸಿದರೆ ವೇಗಕ್ಕೆ ತಗಡು ಪಟಪಟ ಬಡಿಯುತ್ತದೆ. ಪಟ್ಟಿಗಳ ನಡುವಿನ ಬಯಲಿಗೆ ರಟ್ಟಿನ ಅಚ್ಚು ಇಟ್ಟು ಎರಡು ಆಯತ ಬರೆದ. ಮೂಲೆಗಳಿಗೆ ಡ್ರಿಲ್ಲಿನಿಂದ ದುಂಡು ತೂತು ಹೊಡೆದ. ಚೂಪು ಮೂಲೆ ಬಿಟ್ಟರೆ ಅಲ್ಲಿಂದಲೇ ಸೀಳು ಶುರುವಾಗುತ್ತದೆ. ಗ್ರೈಂಡರ್ ಕಿಡಿ ಹಾರಿಸುತ್ತ ಎರಡು ತುಂಡು ಬಿಡಿಸಿತು. ಅಂಚನ್ನು ಅರದಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಹಿಂದಕ್ಕೆ ಬಾಗಿದ ರೆಪ್ಪೆಗಳಿದ್ದ ಅಲ್ಯೂಮಿನಿಯಂ ತಗಡನ್ನು ರಿವೆಟ್ ಹೊಡೆದು ಕೂರಿಸಿದ. ತೂತಿನ ಮುಂದಂಚಿಗೆ ಬೆರಳಿನ ಅರ್ಧ ಎತ್ತರದ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿದ. ಗಾಳಿ ಅದನ್ನು ಹಾರಿ ಹೋಗುವಾಗ ಹಿಂದೆ ಒತ್ತಡ ಇನ್ನಷ್ಟು ತಗ್ಗಿ ಎಳೆತ ಹೆಚ್ಚುತ್ತದೆ. 1971ರಲ್ಲಿ ಅಮೆರಿಕದ ರೇಸ್ ಚಾಲಕ ಡ್ಯಾನ್ ಗರ್ನಿ ಕಾರಿನ ಹಿಂದಿನ ರೆಕ್ಕೆಗೆ ಸೇರಿಸಿದ್ದೂ ಇಂಥದೇ ಒಂದು ಪಟ್ಟಿ.

ಮಳೆ ಬಂದರೆ? ಆ ಪ್ರಶ್ನೆ ದೊಡ್ಡ ಕಂಪನಿಗಳನ್ನೂ ಬಿಟ್ಟಿಲ್ಲ. 2020ರ ಮಸ್ಟಾಂಗ್ ಶೆಲ್ಬಿ ಜಿಟಿ500 ಬಾನೆಟ್ಟಿಗೆ ದೊಡ್ಡ ಕಿಂಡಿ ಕೊಟ್ಟ ಫೋರ್ಡ್, ಅದರ ಕೆಳಗೆ ಮಳೆನೀರು ಹಿಡಿಯುವ ತಟ್ಟೆಯನ್ನೂ ಇಟ್ಟಿತು. ಟ್ರ್ಯಾಕಿಗೆ ಹೋಗುವಾಗ ಅದನ್ನು ಬಿಚ್ಚಿಡಬೇಕು. ನಮ್ಮ ಮನೆಗಳಲ್ಲಿ ಮೊದಲ ಹನಿ ಬಿದ್ದ ಕೂಡಲೇ ಅವ್ವ ಒಳಗಿನಿಂದ ಕೂಗುತ್ತಿದ್ದಳು, ಹುಡುಗರು ಮಾಳಿಗೆ ಹತ್ತಿ ಗವಾಕ್ಷಿ ಮುಚ್ಚಿ ಬರುತ್ತಿದ್ದೆವು.

ಮುಂದಿನ ತಿಂಗಳು ಚೆನ್ನೈಯಿಂದ ಫೋನು ಬಂತು. "ಭಾವ, ಎಂಟು ಸುತ್ತು. ಮುಳ್ಳು ನಡುವಿನಲ್ಲೇ ನಿಂತಿದೆ. ಗಾಜಿನ ಮೇಲೆ ಮಾತ್ರ ಎಣ್ಣೆಯ ಸಣ್ಣ ತುಂತುರು." ಎಲ್ಲಿಂದಲೋ ಜಿನುಗುತ್ತಿದ್ದ ಎಣ್ಣೆ ಇಷ್ಟು ದಿನ ಗೂಡಿನೊಳಗೇ ಅಡಗಿತ್ತು, ಈಗ ಹೊರದಾರಿ ಸಿಕ್ಕಿ ಮುಖಕ್ಕೇ ರಾಚಿತ್ತು. ಅದನ್ನು ಹುಡುಕಿ ವಾಲ್ವ್ ಕವರಿನ ಗ್ಯಾಸ್ಕೆಟ್ ಬದಲಿಸಿದ್ದಾಯಿತು.

ಈ ಶ್ರಾವಣದಲ್ಲಿ ಸ್ವಾಮಿ ದರ್ಶನ ಮುಗಿಸಿ ಮೇಸ್ತ್ರಿಯ ಮನೆಗೆ ಹೋಗಿದ್ದೆವು. ಮೋಡ ಕಟ್ಟಿತ್ತು. ಅವನ ತಾಯಿ ಮೊಮ್ಮಗನನ್ನು ಮಾಳಿಗೆಗೆ ಓಡಿಸಿದರು. ಹುಡುಗ ಗವಾಕ್ಷಿಯ ಮೇಲೆ ಒಂದು ಆಯತಾಕಾರದ ತಗಡು ಎಳೆದು, ಅದರ ಮೇಲೊಂದು ಕಲ್ಲು ಹೇರಿ ಇಳಿದು ಬಂದ. ತಗಡಿನ ಒಂದು ಮೈಗೆ ಇನ್ನೂ ಬಿಳಿ ಪೇಂಟ್ ಹೊಳೆಯುತ್ತಿತ್ತು. ಮೂಲೆಗಳಲ್ಲಿ ದುಂಡು ಕಚ್ಚುಗಳಿದ್ದವು.