ಮಗ್ಗ, ಮನೆ, ಮಲ್ಲಿಗೆ: ಉಡುಪಿಯಲ್ಲಿ ಇಬ್ಬರ ಒಂದು ದಿನ

ಉಡುಪಿಗೆ ಬರುವ ದಂಪತಿಗಳ ದಿನ ಹೆಚ್ಚುಕಡಿಮೆ ಒಂದೇ ರೀತಿ ಕಳೆಯುತ್ತದೆ. ಬೆಳಿಗ್ಗೆ ಕೃಷ್ಣನ ದರ್ಶನ, ಮೇಲೊಂದು ಮಸಾಲೆ ದೋಸೆ, ಮಧ್ಯಾಹ್ನದ ಮೇಲೆ ಮಲ್ಪೆ, ಸೂರ್ಯ ಮುಳುಗುವಾಗ ನಾಲ್ಕು ಫೋಟೊ, ರಾತ್ರಿ ಊರಿನ ಬಸ್ಸು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ಸುತ್ತಮುತ್ತಲಲ್ಲಿ, ಇನ್ನೇನು ಮುಗಿದೇಹೋಯಿತು ಎನ್ನುವ ಹೊತ್ತಿಗೆ ಕೆಲವರು ಹಟ ಹಿಡಿದು ಉಳಿಸಿಕೊಂಡ ಸಂಗತಿಗಳಿವೆ. ಅವನ್ನು ನೋಡಲು ದೊಡ್ಡ ಖರ್ಚಿಲ್ಲ, ದೂರವೂ ಇಲ್ಲ. ದಿನದ ಅರ್ಧವನ್ನಾದರೂ ಅವಕ್ಕೆ ಕೊಡಬೇಕು.

ಶುರು ಮಾಡಲು ಒಳ್ಳೆಯ ಜಾಗ ಉಡುಪಿಯ ಪೇಟೆಯಲ್ಲ, ಕಲ್ಯಾಣಪುರ. ಕುಂದಾಪುರದ ಕಡೆಗೆ ಹೋಗುವ ರಾತ್ರಿ ಬಸ್ಸುಗಳು ಬೆಳಗಿನ ಜಾವ ಉಡುಪಿ ದಾಟಿ ಸ್ವಲ್ಪ ಹೊತ್ತಿಗೆ ಹೆದ್ದಾರಿ ಬದಿಯ ಸಂತೆಕಟ್ಟೆಯಲ್ಲಿ ನಿಲ್ಲುತ್ತವೆ. ಅಲ್ಲಿಂದ ಪಡುವಣಕ್ಕೆ ತಿರುಗಿದರೆ ಕಲ್ಯಾಣಪುರದ ಹಳೆಯ ಪೇಟೆ, ವೆಂಕಟರಮಣ ದೇವಸ್ಥಾನ, ಮಿಲಾಗ್ರಿಸ್ ಚರ್ಚ್. 1678ರಲ್ಲಿ ಸ್ಥಾಪನೆಯಾದ ಈ ಚರ್ಚ್, 2012ರಲ್ಲಿ ಮಂಗಳೂರಿನಿಂದ ಬೇರೆಯಾಗಿ ಉಡುಪಿ ಧರ್ಮಪ್ರಾಂತ್ಯ ಹುಟ್ಟಿದಾಗ ಅದರ ಕೆಥೆಡ್ರಲ್ ಆಯಿತು. ಪೋರ್ಚುಗೀಸರು ಕೆಳದಿಯ ಅರಸರ ಒಪ್ಪಿಗೆ ಪಡೆದು ವ್ಯಾಪಾರಕ್ಕೆ ಬಂದಿದ್ದ ನದೀಮುಖದ ಊರು ಇದು. ಕೊಂಕಣಿ, ತುಳು, ಕನ್ನಡ ಮೂರೂ ಇಲ್ಲಿನ ಅಂಗಡಿ ಕಟ್ಟೆಯ ಮೇಲೆ ಒಟ್ಟಿಗೇ ಕೇಳಿಸುತ್ತವೆ.

ಊರಿನ ಬೆನ್ನಿಗೆ ಸ್ವರ್ಣಾ ನದಿ. ಹೊಳೆಯ ನಡುವೆ ತೆಂಗಿನ ತೋಟ ಹೊತ್ತ ಕುದ್ರುಗಳೆಂಬ ನಡುಗಡ್ಡೆಗಳಿವೆ. ಕೆಮ್ಮಣ್ಣಿನ ತೂಗುಸೇತುವೆಯ ಮೇಲೆ ನಡೆದು ಅಂಥ ಒಂದು ಕುದ್ರುವಿಗೆ ಹೋಗಿಬರಬಹುದು. ಇನ್ನೂ ಮುಂದೆ ಕೋಡಿಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ ಎರಡೂ ಸಮುದ್ರ ಸೇರುತ್ತವೆ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ಕಿರಿದಾದ ರಸ್ತೆ. ಬಿಸಿಲೇರುವ ಮೊದಲು ನೋಡಿ ಮುಗಿಸಿದರೆ ಒಂಬತ್ತಕ್ಕೆ ಸಿಟಿ ಬಸ್ಸು ಹಿಡಿದು ಉಡುಪಿ ಸೇರಬಹುದು.

ಅಷ್ಟು ಹೊತ್ತಿಗೆ ಹೊಟ್ಟೆ ಕೂಗುತ್ತಿರುತ್ತದೆ. ದೋಸೆಯನ್ನು ಬೇರೆ ದಿನಕ್ಕೆ ಇಟ್ಟುಕೊಂಡು ‘ಸಜ್ಜಿಗೆ ಬಜಿಲ್’ ಕೇಳಬೇಕು. ಉಪ್ಪಿಟ್ಟು, ಅದರ ಮೇಲೆ ಕೊತ್ತಂಬರಿ–ಮೆಣಸಿನ ಪುಡಿ, ತೆಂಗಿನತುರಿ, ಬೆಲ್ಲ ಸೇರಿಸಿ ಕಲಸಿದ ಅವಲಕ್ಕಿ. ಎರಡನ್ನೂ ಕಲಸಿಕೊಂಡೇ ತಿನ್ನಬೇಕು. ಜೊತೆಗೊಂದು ಬನ್ಸ್. ಕಳಿತ ಬಾಳೆಹಣ್ಣು, ಮೊಸರು, ಮೈದಾ, ಜೀರಿಗೆ ಹಾಕಿ ಹಿಂದಿನ ರಾತ್ರಿಯೇ ನಾದಿಟ್ಟ ಹಿಟ್ಟು ಅದು. ಎಣ್ಣೆಯಲ್ಲಿ ಉಬ್ಬಿ ಮೇಲೆದ್ದ ಬನ್ಸನ್ನು ಮುರಿದರೆ ಒಳಗೆ ಸಣ್ಣ ಸಣ್ಣ ರಂಧ್ರಗಳು, ಬಾಳೆಹಣ್ಣಿನ ಪರಿಮಳ. ರಥಬೀದಿಯ ಬಳಿಯ ಮಿತ್ರ ಸಮಾಜದಂಥ ಹಳೆಯ ಹೋಟೆಲುಗಳಲ್ಲಿ ಇವೆಲ್ಲ ದಿನನಿತ್ಯದ ತಿಂಡಿ. ‘ಉಡುಪಿ ಹೋಟೆಲ್’ ಎಂಬ ಹೆಸರನ್ನು ಮದ್ರಾಸು, ಮುಂಬೈಗಳಿಗೆ ಹೊತ್ತೊಯ್ದ ಅಡುಗೆಯ ಬೇರು ಈ ಬೀದಿಯಲ್ಲೇ ಇದೆ.

ಮಠದ ವಿಷಯ ಎಲ್ಲರಿಗೂ ಗೊತ್ತಿರುವುದೇ. ಮಧ್ವಾಚಾರ್ಯರು 13ನೇ ಶತಮಾನದಲ್ಲಿ ಪ್ರತಿಷ್ಠಾಪಿಸಿದ ಕೃಷ್ಣ, ಒಂಬತ್ತು ಕಂಡಿಗಳ ಕಿಟಕಿಯ ಮೂಲಕ ದರ್ಶನ, ಹೊರಗೆ ಕನಕನ ಕಿಂಡಿ, ಎಂಟು ಮಠಗಳಿಗೆ ಎರಡೆರಡು ವರ್ಷ ‘ಪರ್ಯಾಯ’ ಎಂಬ ಸರದಿಯಂತೆ ಪೂಜೆಯ ಹೊಣೆ. ಬಂದವರು ಹೆಚ್ಚಾಗಿ ಗಮನಿಸದೇ ಹೋಗುವ ಒಂದು ವಸ್ತುವಿದೆ: ಮಧ್ವ ಸರೋವರದ ಬಳಿ ಕಟ್ಟುವ ಕಟ್ಟಿಗೆ ರಥ. ಮುಂದಿನ ಪರ್ಯಾಯದ ಅಡುಗೆಗೆ ಬೇಕಾದ ಸೌದೆಯನ್ನು ಒಂದರ ಮೇಲೊಂದು ಒಪ್ಪವಾಗಿ ಪೇರಿಸಿ ತೇರಿನ ಆಕಾರಕ್ಕೆ ತರುತ್ತಾರೆ. ಪರ್ಯಾಯ ಬಂದ ಮೇಲೆ ಅದನ್ನೇ ಬಿಚ್ಚಿ ಒಲೆಗೆ ಹಾಕುತ್ತಾರೆ. ಸಾವಿರಾರು ಜನರ ಊಟದ ಉರುವಲು ಇಷ್ಟು ಚಂದವಾಗಿ ಕಾದು ನಿಲ್ಲುವುದನ್ನು ಬೇರೆಲ್ಲೂ ನೋಡಲು ಸಿಗಲಿಕ್ಕಿಲ್ಲ.

ಇನ್ನು ಸೀರೆ.

ತೆಂಕಪೇಟೆ, ಬಡಗುಪೇಟೆಗಳಲ್ಲಿ ಜವಳಿ ಅಂಗಡಿಗಳಿಗೆ ಬರವಿಲ್ಲ. ಆದರೆ ಕಂಚಿ, ಇಳಕಲ್, ಸೂರತ್ತಿನ ರಾಶಿಯ ನಡುವೆ ‘ಉಡುಪಿ ಸೀರೆ’ ಬೇಕೆಂದರೆ ಕೇಳಿಯೇ ತೆಗೆಸಬೇಕು. ಹಿಂದೆ ಕರಾವಳಿಯ ಹೆಂಗಸರು ಮನೆಯಲ್ಲೂ ಗದ್ದೆಯಲ್ಲೂ ಉಟ್ಟ ಹತ್ತಿಯ ಕೈಮಗ್ಗದ ಸೀರೆ ಅದು. ಬೆವರು ಹೀರುತ್ತದೆ, ಒಗೆದು ಹರವಿದರೆ ಬೇಗ ಒಣಗುತ್ತದೆ, ಒಗೆದಷ್ಟೂ ಮೈಗೆ ಒಗ್ಗುತ್ತದೆ. ಇಲ್ಲಿನ ಹವೆಯನ್ನು ಚೆನ್ನಾಗಿ ಬಲ್ಲವರು ನೇಯ್ದ ಬಟ್ಟೆ. 2016ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು.

ಅಂಗಡಿಯಿಂದ ನೇಕಾರರ ಸಂಘಕ್ಕೆ ಹೋಗಿ ಮಗ್ಗದ ಎದುರು ಹತ್ತು ನಿಮಿಷ ನಿಂತರೆ ಈ ಸೀರೆಯ ಗುಟ್ಟು ತಿಳಿಯುತ್ತದೆ. ಹಾಸಿನ ಎಳೆಗಳು ಒತ್ತೊತ್ತಾಗಿಲ್ಲ, ನಡುವೆ ಗಾಳಿಯಾಡಲು ಜಾಗವಿದೆ. ಆ ತೆಳುವಾದ ಎಳೆಗೆ ಬಲ ಕೊಡುವುದು ಅಕ್ಕಿಯ ಗಂಜಿ. ಗಂಜಿ ಹಿಡಿಸಿ, ಎಳೆ ಒಂದಕ್ಕೊಂದು ಅಂಟದಂತೆ ಬಿಡಿಸಿ ಒಣಗಿಸುವ ಕೆಲಸಕ್ಕೆ ನೇಯುವಷ್ಟೇ ತಾಳ್ಮೆ ಬೇಕು. ಮಳೆಗಾಲದಲ್ಲಿ ಬೇಗ ಒಣಗದೆ ಸತಾಯಿಸುತ್ತದೆ. ಆಮೇಲೆ ಕಾಲು ತುಳಿಗೆ ಒತ್ತಿದಾಗ ಹಾಸು ಬಾಯಿ ತೆರೆಯುತ್ತದೆ, ಲಾಳಿ ಸರ್ರನೆ ಆಚೆಗೆ ಹೋಗುತ್ತದೆ, ಹಣಿಗೆ ಬಂದು ಹೊಕ್ಕನ್ನು ಒಂದೇ ಏಟಿಗೆ ಕೂರಿಸುತ್ತದೆ. ಅಂಚು, ಸೆರಗು ಬೇರೆ ಬಣ್ಣದವು. ಒಡಲಿಗೆ ಒಳಮುಖ, ಹೊರಮುಖ ಎಂಬ ಭೇದವೇ ಇಲ್ಲ. ಸೀರೆ ಆರಿಸಲು ಹೆಂಡತಿ ಒಳಗೆ, ಮೊಬೈಲ್ ಹಿಡಿದು ಗಂಡ ಹೊರಗೆ ಎಂಬ ರೂಢಿಯನ್ನು ಇಲ್ಲಿ ಬಿಡಬೇಕು. ನೂಲು ಬಟ್ಟೆಯಾಗುವುದನ್ನು ಇಬ್ಬರೂ ನೋಡಬೇಕು. ನೋಡಿದ ಮೇಲೆ ಬೆಲೆಗೆ ಚೌಕಾಸಿ ಮಾಡುವ ಮನಸ್ಸು ಬರುವುದಿಲ್ಲ.

ಈ ನೇಯ್ಗೆಯ ಜೊತೆ ಊರಿನ ಚರಿತ್ರೆಯೇ ಹೆಣೆದುಕೊಂಡಿದೆ. ಪದ್ಮಶಾಲಿ ಶೆಟ್ಟಿಗಾರರು ಇಲ್ಲಿನ ಪರಂಪರೆಯ ನೇಕಾರರು. 19ನೇ ಶತಮಾನದಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆ ತೆರೆದ ಮೇಲೆ ಕರಾವಳಿಗೆ ಫ್ರೇಮ್ ಮಗ್ಗ ಬಂತು. ಮುಂದೆ ಕೈಮಗ್ಗ ಕಷ್ಟಕ್ಕೆ ಸಿಲುಕಿದಾಗ, 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಮೂವರೂ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆ ಕಟ್ಟಿದರು. ನೇಕಾರರಿಗೆ ಸಾಲ ಒದಗಿಸುವುದು ಅದರ ಮೊದಲ ಉದ್ದೇಶಗಳಲ್ಲಿ ಒಂದು. ಅದೇ ಬೆಳೆದು ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕೂಡಿಸಿಕೊಳ್ಳುವ ಪಿಗ್ಮಿ ಠೇವಣಿ ಶುರು ಮಾಡಿತು. 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಮಗ್ಗಕ್ಕೆ ನೆರವಾಗಲು ಹುಟ್ಟಿದ ಬ್ಯಾಂಕು ದೇಶದುದ್ದಕ್ಕೂ ಹಬ್ಬಿತು. ಮಗ್ಗಗಳು ಮಾತ್ರ ಒಂದೊಂದಾಗಿ ಮೌನವಾದವು.

ಅವನ್ನು ಮತ್ತೆ ಎಬ್ಬಿಸುವ ಕೆಲಸ ಈಗ ನಡೆಯುತ್ತಿದೆ. ಉಡುಪಿಯ ಶಿವಳ್ಳಿ, ಕಿನ್ನಿಗೋಳಿಯ ತಾಳಿಪಾಡಿ ಮೊದಲಾದ ನೇಕಾರರ ಸಹಕಾರಿ ಸಂಘಗಳಲ್ಲಿ ಉಳಿದಿದ್ದವರು ಕೆಲವೇ ಮಂದಿ, ಅವರೂ ವಯಸ್ಸಾದವರು. ಕದಿಕೆ ಟ್ರಸ್ಟ್ ಅವರ ಜೊತೆ ನಿಂತಿತು. ಬಿಟ್ಟುಹೋದ ನೇಕಾರರನ್ನು ಮತ್ತೆ ಮಗ್ಗಕ್ಕೆ ಕರೆತಂದಿತು, ಹೊಸಬರಿಗೆ ಕಲಿಸುವ ಏರ್ಪಾಡು ಮಾಡಿತು. ಅಡಿಕೆಯ ಚೊಗರಿನಿಂದ ಬಣ್ಣ ಹಾಕಿದ ನೂಲಿನ ಸೀರೆಗಳೂ ಹೊರಬಂದವು. ತೋಟದ ಕಂದು, ನೂಲಿನ ಬಿಳುಪು ಸೇರಿದ ಆ ಬಣ್ಣ ಎಷ್ಟು ಹದವಾಗಿದೆಯೆಂದರೆ, ಪಕ್ಕದಲ್ಲಿಟ್ಟ ಕಾರ್ಖಾನೆಯ ಬಣ್ಣ ಕಣ್ಣಿಗೆ ಚುಚ್ಚುತ್ತದೆ.

ಮಧ್ಯಾಹ್ನದ ಊಟಕ್ಕೆ ಮಠದ ಭೋಜನಶಾಲೆಯಿದೆ. ಹೋಟೆಲು ಬೇಕೆನ್ನುವವರು, ಸುಗ್ಗಿಯ ದಿನಗಳಾದರೆ, ಮಟ್ಟುಗುಳ್ಳದ ಹುಳಿ ಇದೆಯೇ ಎಂದು ಕೇಳಬೇಕು. ಕಟಪಾಡಿ ಬಳಿಯ ಮಟ್ಟು ಗ್ರಾಮದಲ್ಲಿ, ಭತ್ತ ಕೊಯ್ದ ಗದ್ದೆಯಲ್ಲಿ ಬೆಳೆಯುವ ಗುಂಡು ಬದನೆ ಅದು. ತಿಳಿಹಸಿರು ಮೈ, ಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. ಸೋದೆಯ ವಾದಿರಾಜರು ಬೀಜ ಕೊಟ್ಟರೆಂಬುದು ಊರಿನ ನಂಬಿಕೆ. 2011ರಲ್ಲಿ ಇದಕ್ಕೂ ಭೌಗೋಳಿಕ ಸೂಚಕ ಸಿಕ್ಕಿತು. ಹುಳಿಯಲ್ಲಿ ಬೆಂದರೂ ಹೋಳು ಕದಡುವುದಿಲ್ಲ, ಬಾಯಿಗಿಟ್ಟರೆ ಬೆಣ್ಣೆ.

ಊಟವಾದ ಮೇಲೆ ಮಣಿಪಾಲಕ್ಕೆ ಬಸ್ಸು. ಹೊರಗಿನವರಿಗೆ ಮಣಿಪಾಲವೆಂದರೆ 1953ರಲ್ಲಿ ಡಾ. ಟಿ.ಎಂ.ಎ. ಪೈ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಆಸ್ಪತ್ರೆ, ಹಾಸ್ಟೆಲು, ಟೈಗರ್ ಸರ್ಕಲ್. ಆ ಗದ್ದಲದ ಹಿಂದೆಯೇ ಅನಂತನಗರದ ಬದಿಗೆ ಹಸ್ತಶಿಲ್ಪ ಪಾರಂಪರಿಕ ಗ್ರಾಮವಿದೆ.

ಅದನ್ನು ಕಟ್ಟಿದ ವಿಜಯನಾಥ ಶೆಣೈ ವಾಸ್ತುಶಿಲ್ಪ ಓದಿದವರಲ್ಲ, ಸಿಂಡಿಕೇಟ್ ಬ್ಯಾಂಕಿನ ನೌಕರರು. 1970ರ ದಶಕದ ಭೂಸುಧಾರಣೆಯ ಬಳಿಕ ಗೇಣಿಯ ಅಕ್ಕಿ ನಿಂತು, ಕೂಡುಕುಟುಂಬ ಒಡೆದು, ದೊಡ್ಡ ದೊಡ್ಡ ಚೌಕಿ ಮನೆಗಳನ್ನು ಸಾಕುವ ಶಕ್ತಿ ಯಾರಿಗೂ ಉಳಿಯಲಿಲ್ಲ. ಮನೆ ಕೆಡವಿ ಮರ ಮಾರಿ ಹಂಚಿಕೊಳ್ಳುವುದೇ ಸುಲಭವಾಯಿತು. ಉಳುವವನಿಗೆ ನೆಲ ಸಿಕ್ಕಿದ್ದು ನ್ಯಾಯವೇ. ಆದರೆ ಆ ಮನೆಗಳ ಜೊತೆ ಬಡಗಿಗಳ ತಲೆತಲೆಮಾರಿನ ವಿದ್ಯೆಯೂ ಗುಜರಿಗೆ ಹೋಗುತ್ತಿತ್ತು. ಶೆಣೈ ಮೊದಲು ಒಂದು ಬಾಗಿಲು, ಒಂದು ಕಂಬ ಎಂದು ಕೊಂಡರು. ಹಳೆಯ ಮನೆಗಳ ಭಾಗಗಳಿಂದಲೇ ತಮ್ಮ ಮನೆ ಕಟ್ಟಿಕೊಂಡರು. ಆಮೇಲೆ ಇಡೀ ಮನೆಗಳನ್ನೇ ತಂದರು. ಪ್ರತಿ ತೊಲೆ, ಜಂತಿ, ಕಂಬಕ್ಕೆ ಗುರುತು ಹಾಕಿ ಬಿಚ್ಚಿ, ಸಾಗಿಸಿ, ಮೊದಲಿದ್ದಂತೆಯೇ ಜೋಡಿಸುವುದು ಅವರ ಕ್ರಮ. ಬಿಚ್ಚುವುದಕ್ಕಿಂತ ಜೋಡಿಸುವುದು ಕಷ್ಟ. ಮೊಳೆಯಿಲ್ಲದ ಬೆಸುಗೆಯಲ್ಲಿ ಒಂದು ತುಂಡು ತಪ್ಪಿದರೂ ಮಾಡು ಕೂರುವುದಿಲ್ಲ. 2017ರಲ್ಲಿ ಅವರು ತೀರಿಕೊಂಡರು. ಜಾಗವನ್ನು ಅವರ ಟ್ರಸ್ಟ್ ನಡೆಸುತ್ತಿದೆ.

ಒಳಗೆ ಗೈಡ್ ಜೊತೆಯೇ ಸುತ್ತಬೇಕು. ಕುಂಜೂರಿನ ಚೌಕಿ ಮನೆ, ಕಾರ್ಕಳದ ಕಡೆಯ ಮಿಯ್ಯಾರು ಮನೆ, ಮುಧೋಳ ಅರಮನೆಯ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್, ದಖನಿ ನವಾಬ ಮಹಲ್, ರವಿವರ್ಮ ಮುದ್ರಣಾಲಯದ ಚಿತ್ರಗಳ ಗ್ಯಾಲರಿ, ಹಳೆಯ ಪೇಟೆಯ ಅಂಗಡಿಸಾಲು ಎಲ್ಲವೂ ಇವೆ. ಎಲ್ಲವನ್ನೂ ಓಡಿ ನೋಡುವ ಬದಲು ಚೌಕಿ ಮನೆಯ ಅಂಗಳದಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ನಾಲ್ಕೂ ಕಡೆಯ ಮಾಡಿನ ಇಳಿಜಾರು ಮಳೆನೀರನ್ನು ನಡುವಿನ ಅಂಗಳಕ್ಕೆ ಇಳಿಸುತ್ತದೆ. ಬಾಗಿಲು ತಗ್ಗು, ಬಂದವರು ತಲೆಬಾಗಿಯೇ ಒಳಗೆ ಬರಬೇಕು. ಹಲಸಿನ ಕಂಬ ಜನರ ಕೈ, ಬೆನ್ನು ತಾಗಿ ತಾಗಿ ನುಣುಪಾಗಿದೆ. ಹೊರಗೆ ಸೆಕೆಯಿದ್ದರೂ ಒಳಗೆ ತಂಪು. ಈಗ ಸ್ವಂತ ಮನೆ ಕಟ್ಟಿಸುವ ಯೋಚನೆಯಲ್ಲಿರುವ ಗಂಡ ಹೆಂಡತಿ ಕಾಂಟ್ರಾಕ್ಟರ ಹತ್ತಿರ ಹೋಗುವ ಮೊದಲು ಒಮ್ಮೆ ಇಲ್ಲಿಗೆ ಬರಬೇಕು.

ಸಂಜೆಗೆ ಎರಡು ದಾರಿ. ಮಲ್ಪೆಗೆ ಹೋದರೆ ಬಂದರು, ಕಡಲತೀರ. ಸೈಂಟ್ ಮೇರಿಸ್ ದ್ವೀಪದ ಕಂಬಗಲ್ಲು ನೋಡಬೇಕೆಂದರೆ ಹಗಲೇ ದೋಣಿ ಹತ್ತಬೇಕು, ಮಳೆಗಾಲದಲ್ಲಿ ದೋಣಿಯಿಲ್ಲ. ಕಾಪುವಿಗೆ ಹೋದರೆ 1901ರ ದೀಪಸ್ತಂಭ. ಸಂಜೆ ಹೊತ್ತು ಹತ್ತಲು ಬಿಡುತ್ತಾರೆ, ಮೇಲಿಂದ ತೆಂಗಿನ ತೋಟದ ಉದ್ದನೆಯ ಹಸಿರು, ಕಡಲು. ದಿನದಲ್ಲಿ ಒಂದನ್ನೇ ಆರಿಸಬೇಕಾದರೆ ಕಾಪುವೇ ಸರಿ, ಯಾಕೆಂದರೆ ದಾರಿಯಲ್ಲಿ ಕಟಪಾಡಿಯಿಂದ ಒಳಗೆ ತಿರುಗಿದರೆ ಶಂಕರಪುರ ಸಿಗುತ್ತದೆ.

ಶಂಕರಪುರ ಮಲ್ಲಿಗೆಯ ಊರು. ಮನೆಯಂಗಳದ ಗಿಡಗಳಿಂದ ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಒತ್ತಾಗಿ ಕಟ್ಟುತ್ತಾರೆ. ಲೆಕ್ಕ ಚೆಂಡಿನಲ್ಲಿ, ಅಟ್ಟೆಯಲ್ಲಿ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನದ ದರ ಇಲ್ಲಿ ನಿಗದಿಯಾಗುತ್ತದೆ, ಮಂಗಳೂರಿನವರೆಗೂ ಅದೇ ನಡೆಯುತ್ತದೆ. ಮದುವೆ, ನೇಮ, ಕೋಲಗಳ ಕಾಲದಲ್ಲಿ ಗಗನಕ್ಕೇರುವ ದರ ಆಟಿ ತಿಂಗಳಲ್ಲಿ ಇಳಿದುಹೋಗುತ್ತದೆ. ಎಷ್ಟೋ ಮನೆಗಳ ಮಕ್ಕಳ ಶಾಲೆಯ ಶುಲ್ಕ ಹೆಂಗಸರು ಕಟ್ಟಿದ ಈ ಹೂವಿನಿಂದಲೇ ಬಂದಿದೆ. ಒಂದು ಚೆಂಡು ಕೊಂಡು ಹೊಸ ಸೀರೆಯ ಜೊತೆ ಮುಡಿದರೆ ಅದಕ್ಕಿಂತ ಒಳ್ಳೆಯ ಉಡುಗೊರೆ ಉಡುಪಿಯಲ್ಲಿಲ್ಲ.

ರಾತ್ರಿಯ ಊಟ ಮೀನು ತಿನ್ನುವವರಿಗೆ ಸುಲಭ: ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ, ಹುರಿದ ಕಾಣೆ. ತಿನ್ನದವರಿಗೆ ನೀರುದೋಸೆ. ಯಾರಾದರೂ ಸರಿ, ಕೊನೆಗೆ ಗಡ್‌ಬಡ್ ಬೇಕೇಬೇಕು. ಉದ್ದನೆಯ ಗಾಜಿನ ಲೋಟದಲ್ಲಿ ಎರಡು ಮೂರು ಬಗೆಯ ಐಸ್‌ಕ್ರೀಂ, ನಡುನಡುವೆ ಹಣ್ಣು, ಜೆಲ್ಲಿ, ಗೋಡಂಬಿ. ಉಡುಪಿಯ ಡಯಾನಾ ಹೋಟೆಲಿನಲ್ಲಿ ಹುಟ್ಟಿತೆಂದು ಊರಿನವರು ಹೇಳುತ್ತಾರೆ. ಇಬ್ಬರಿಗೆ ಒಂದೇ ತಂದು ಎರಡು ಚಮಚ ಕೇಳಿದರೆ ಸಾಕು, ಲೋಟ ಅಷ್ಟು ದೊಡ್ಡದು.

ಇನ್ನೊಂದು ದಿನ ಉಳಿಯುವವರು ಕಾರ್ಕಳಕ್ಕೆ ಹೋಗಬೇಕು. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೊಮ್ಮಟ, ಅದರ ಎದುರಿಗೆ 1586ರ ಚತುರ್ಮುಖ ಬಸದಿ. ಅಲ್ಲಿಂದ ಕಿನ್ನಿಗೋಳಿಯ ಮೇಲೆ ಹಿಂದಿರುಗಿದರೆ ತಾಳಿಪಾಡಿ ಸಂಘದ ಮಗ್ಗಗಳನ್ನೂ ನೋಡಬಹುದು. ಭಾನುವಾರ ಬೇಡ, ವಾರದ ದಿನ ಹೋಗುವುದು ಒಳ್ಳೆಯದು. ಹೊರಡುವ ಮೊದಲು ಸಂಘಕ್ಕೊಂದು ಫೋನ್ ಮಾಡಿದರೆ ಆ ಹೊತ್ತಿಗೆ ಯಾವ ಮಗ್ಗದ ಮೇಲೆ ಯಾವ ಬಣ್ಣದ ಹಾಸು ಕೂತಿದೆ ಎಂದು ಅವರೇ ಹೇಳುತ್ತಾರೆ.