ಹಾಡಿನ ಸಂಗ್ರಹಕ್ಕೆ ಅಗ್ಗದ ನ್ಯಾಸ್: ಯಾವುದು ಸಾಕು, ದುಡ್ಡು ಎಲ್ಲಿ ಹಾಕಬೇಕು?

ಇವತ್ತಿನ ವಿಷಯ ನ್ಯಾಸ್. ಮನೆಯ ರೌಟರ್‌ಗೆ ಜೋಡಿಸಿಡುವ ಹಾರ್ಡ್ ಡಿಸ್ಕ್ ಪೆಟ್ಟಿಗೆ ಅಂದುಕೊಳ್ಳಿ. ಹಾಡುಗಳನ್ನು ಅದರಲ್ಲಿ ತುಂಬಿಟ್ಟರೆ ಮನೆಯ ಫೋನು, ಲ್ಯಾಪ್‌ಟಾಪು, ಟಿವಿ ಯಾವುದರಲ್ಲಿ ಬೇಕಾದರೂ ಕೇಳಬಹುದು.

"ಎಲ್ಲಾ ಹಾಡೂ ಆ್ಯಪ್‌ನಲ್ಲೇ ಸಿಗುತ್ತಲ್ವಾ, ಇದೆಲ್ಲ ಯಾಕೆ?" ಅಂತ ಕೇಳೋರಿದ್ದಾರೆ. ಸಿನಿಮಾ ಹಾಡು ಸಿಗುತ್ತೆ, ನಿಜ. ಆದರೆ ಊರು ಬಿಟ್ಟು ಮುಂಬೈಗೋ ಪುಣೆಗೋ ಬಂದ ನಮ್ಮಂಥವರ ಮನೆಯ ಅಟ್ಟದ ಮೇಲೆ ಒಂದು ಡಬ್ಬಿ ಕ್ಯಾಸೆಟ್ ಇರುತ್ತೆ. ಅಜ್ಜಿ ಹೇಳಿದ ಸೋಬಾನೆ ಪದ, ಊರಿನ ಯಕ್ಷಗಾನ, ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಅಮ್ಮ ಹಾಡಿದ ಭಾವಗೀತೆ. ಇವು ಯಾವ ಆ್ಯಪ್‌ನಲ್ಲೂ ಇಲ್ಲ. ಮಳೆಗಾಲದ ತೇವಕ್ಕೆ ಟೇಪು ಬೂಷ್ಟು ಹಿಡಿದರೆ ಮತ್ತೆ ತರೋಕೂ ಆಗಲ್ಲ. ನ್ಯಾಸ್ ಆರಿಸುವಾಗ ಮೊದಲು ಯೋಚಿಸಬೇಕಾದ್ದು ಇವುಗಳ ಬಗ್ಗೆ.

ಮೊದಲು ಜಾಗದ ಲೆಕ್ಕ. ಒಂದು ಗಂಟೆಯ ಸಿಡಿಯನ್ನು ಫ್ಲಾಕ್ ರೂಪಕ್ಕೆ ತಂದರೆ ಗುಣಮಟ್ಟ ಒಂಚೂರೂ ಕಳೆಯದೆ ಸುಮಾರು 400 ಎಂಬಿ ಆಗುತ್ತೆ. ಅಂದರೆ 1,000 ಸಿಡಿಗೆ 400 ಜಿಬಿ. ಕ್ಯಾಸೆಟ್‌ಗಳನ್ನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಧಾರಾಳವಾಗಿ ರೆಕಾರ್ಡ್ ಮಾಡಿದರೂ, ಕುಗ್ಗಿಸದೆ ಇಟ್ಟರೆ ಗಂಟೆಗೆ 2 ಜಿಬಿ ಚಿಲ್ಲರೆ. ಒಂದು ಗಂಟೆಯ 200 ಕ್ಯಾಸೆಟ್‌ಗೆ 400 ಜಿಬಿ ಆಯ್ತು. ಎರಡೂ ಸೇರಿ 1 ಟಿಬಿ ದಾಟಲ್ಲ. 2 ಟಿಬಿ ಡಿಸ್ಕ್ ತಗೊಂಡರೆ ಬಹಳಷ್ಟು ಮನೆಗಳಿಗೆ ಸಾಕೋ ಸಾಕು.

ಇನ್ನು ವೇಗ. ಸಿಡಿ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ ಬೇಕಾದ್ದು 1.4 ಮೆಗಾಬಿಟ್ ಮಾತ್ರ. ಹಳೇ 100 ಮೆಗಾಬಿಟ್ ರೌಟರ್ ಕೂಡ ಇದನ್ನು ಆರಾಮಾಗಿ ಸಾಗಿಸುತ್ತೆ. ಅಂಗಡಿಯವರು ಹೊಗಳುವ ದೊಡ್ಡ ಪ್ರೊಸೆಸರ್, ಜಾಸ್ತಿ ರ್‍ಯಾಮ್ ಎಲ್ಲ ಮುಖ್ಯವಾಗಿ ವಿಡಿಯೋ ನೋಡೋರಿಗೆ. ಬರೀ ಹಾಡಿಗೆ ಅದರ ದುಡ್ಡು ದಂಡ.

ನಮ್ಮ ಮುಂದೆ ಮೂರು ದಾರಿಗಳಿವೆ.

ಒಂದು, ರೌಟರ್‌ನ ಯುಎಸ್‌ಬಿ ಕಿಂಡಿಗೇ ಡಿಸ್ಕ್ ಸಿಕ್ಕಿಸೋದು. ಹೆಚ್ಚು ಖರ್ಚಿಲ್ಲ. ಆದರೆ ಕೆಲವು ಹಳೇ ರೌಟರ್‌ಗಳು ಎಸ್‌ಎಂಬಿ 1 ಅನ್ನೋ ಹಳೇ ವಿಧಾನವನ್ನಷ್ಟೇ ಬಲ್ಲವು. ಭದ್ರತೆಯ ಕಾರಣಕ್ಕೆ ಈಗಿನ ವಿಂಡೋಸ್ ಅದನ್ನು ಬಿಟ್ಟಾಗಿದೆ. ಮೊದಲು ಪೆನ್‌ಡ್ರೈವ್ ಹಾಕಿ ಪರೀಕ್ಷೆ ಮಾಡಿ.

ಎರಡು, ಹಳೇ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈಗೆ ಡಿಸ್ಕ್ ಜೋಡಿಸಿ ನ್ಯಾವಿಡ್ರೋಮ್ ಎಂಬ ಉಚಿತ ತಂತ್ರಾಂಶ ಹಾಕೋದು. ಕಲಾವಿದರು, ಆಲ್ಬಂ ಅಂತ ವಿಂಗಡಿಸಿ ತೋರಿಸುತ್ತೆ. ಒಂದು ಭಾನುವಾರ ಕೂತು ಕೈಯಾಡಿಸುವ ತಾಳ್ಮೆ ಇದ್ದರೆ ನನಗೆ ಇಷ್ಟವಾದ ದಾರಿ ಇದು.

ಮೂರು, ಸಿದ್ಧ ನ್ಯಾಸ್ ಪೆಟ್ಟಿಗೆ. ಇಲ್ಲಿ ಬೆಲೆ ನೋಡುವಾಗ ಹುಷಾರು. ಇವನ್ನು ಬಹುತೇಕ ಡಿಸ್ಕ್ ಇಲ್ಲದೆಯೇ ಮಾರುತ್ತಾರೆ. ಡಿಸ್ಕ್‌ನ ದುಡ್ಡು ಬೇರೆ. ಹಾಲ್‌ನಲ್ಲೇ ಮಲಗುವ ಒಂದು ಬೆಡ್‌ರೂಮಿನ ಮನೆಯಾದರೆ ಫ್ಯಾನಿನ ಸದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. 15 ವ್ಯಾಟ್ ಎಳೆಯುವ ಪೆಟ್ಟಿಗೆ ವರ್ಷವಿಡೀ ಓಡಿದರೆ ಸುಮಾರು 131 ಯೂನಿಟ್ ಕರೆಂಟ್.

ಎರಡು ಡಿಸ್ಕಿನ ಪೆಟ್ಟಿಗೆ ತಗೊಂಡು, ಎರಡರಲ್ಲೂ ಒಂದೇ ಹಾಡು ಬರೆಯುವ ರೇಡ್ 1 ಹಾಕಿದರೆ ಸುರಕ್ಷಿತ ಅಂತ ಬಹಳ ಜನ ನಂಬಿದ್ದಾರೆ. ಅದು ಅರ್ಧ ಸತ್ಯ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಉಳಿಯುತ್ತೆ, ಸರಿ. ಆದರೆ ಮಗು ಫೋಲ್ಡರ್ ಅಳಿಸಿದರೆ ಎರಡರಿಂದಲೂ ಅದೇ ಕ್ಷಣ ಹೋಗುತ್ತೆ. ಸಿಡಿಲು, ಕಳ್ಳತನ ಬಂದರೂ ಎರಡೂ ಒಟ್ಟಿಗೆ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಎಂಬ ಹಳೇ ಪೆಟ್ಟಿಗೆಗಳ ಮೇಲೆ ಇಂಟರ್ನೆಟ್ ಮೂಲಕ ದಾಳಿ ನಡೆದು, ಎಷ್ಟೋ ಜನರ ಫೈಲುಗಳು ರಾತ್ರೋರಾತ್ರಿ ಅಳಿಸಿಹೋದವು. ಅವಕ್ಕೆ ಕೊನೆಯ ಅಪ್‌ಡೇಟ್ ಬಂದಿದ್ದು 2015ರಲ್ಲಿ. ಹಾಗಾಗಿ ಸೆಕೆಂಡ್‌ಹ್ಯಾಂಡ್ ತಗೊಳ್ಳೋದಾದರೆ ಅಪ್‌ಡೇಟ್ ಇನ್ನೂ ಬರ್ತಿದೆಯಾ ನೋಡಿ. ಹೊರಗಿನಿಂದ ಕೇಳುವ ಸೌಲಭ್ಯ ತೀರಾ ಬೇಕಿಲ್ಲದಿದ್ದರೆ ಆಫ್ ಮಾಡಿಡಿ.

ಬಜೆಟ್ ಕಮ್ಮಿ ಇದ್ದರೆ ನನ್ನ ಸಲಹೆ ಇಷ್ಟೇ. ಒಂದೇ ಡಿಸ್ಕಿನ ಸಾದಾ ವ್ಯವಸ್ಥೆ ಸಾಕು. ಉಳಿದ ದುಡ್ಡಲ್ಲಿ ಎರಡು ಯುಎಸ್‌ಬಿ ಡಿಸ್ಕ್ ತಗೊಂಡು ಎರಡಕ್ಕೂ ಪ್ರತಿ ಮಾಡಿ. ಒಂದು ನಿಮ್ಮ ಕಪಾಟಿನಲ್ಲಿರಲಿ, ತಿಂಗಳಿಗೊಮ್ಮೆ ಹೊಸದನ್ನು ಸೇರಿಸಿ. ಇನ್ನೊಂದನ್ನು ಊರಲ್ಲಿ ಅಣ್ಣನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇಡಿ. ಹಬ್ಬಕ್ಕೆ ಹೇಗೂ ಹೋಗ್ತೀರಿ. ಹೋದಾಗ ಇಲ್ಲಿಂದ ತಾಜಾ ಪ್ರತಿ ಕೊಟ್ಟು, ಅಲ್ಲಿರೋದನ್ನು ವಾಪಸ್ ತನ್ನಿ. ತಂದ ಡಿಸ್ಕಿನಿಂದ ನಾಲ್ಕು ಹಾಡು ನುಡಿಸಿ ನೋಡಿ, ಪ್ರತಿ ಸರಿಯಿದೆಯಾ ಅನ್ನೋದೂ ಗೊತ್ತಾಗುತ್ತೆ.

ಕೊನೆಯದಾಗಿ, ಫೈಲಿಗೆ "ಟ್ರ್ಯಾಕ್ 01" ಅಂತ ಬಿಡಬೇಡಿ. ಫ್ಲಾಕ್ ಫೈಲಿನ ಟ್ಯಾಗ್‌ನಲ್ಲಿ ಕನ್ನಡದಲ್ಲೇ ಬರೆಯಬಹುದು. ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಅಂತ ದಾಖಲಿಸಿ. ದನಿ ಗುರುತು ಹಿಡಿಯೋ ಹಿರಿಯರು ಮನೆಯಲ್ಲಿದ್ದರೆ ಪೆಟ್ಟಿಗೆ ಕೊಳ್ಳೋದಕ್ಕೂ ಮುಂಚೆ ಅವರ ಪಕ್ಕ ಕೂತು ಕೇಳಿ ಬರೆದುಕೊಳ್ಳಿ. ಪೆಟ್ಟಿಗೆ ಮುಂದಿನ ತಿಂಗಳು ತಗೊಂಡರೂ ನಡೆಯುತ್ತೆ.

ಮುಂದಿನ ಮಾತಿನಲ್ಲಿ ಕ್ಯಾಸೆಟ್‌ನಿಂದ ಕಂಪ್ಯೂಟರ್‌ಗೆ ರೆಕಾರ್ಡ್ ಮಾಡೋದು ಹೇಗೆ ಅಂತ ನೋಡೋಣ.