ವಾರ್ಲಿ ಗೋಡೆಯ ದೇವಿ

ಮುಂಬಯಿಯ ಗೋರೆಗಾಂವ್ ಪೂರ್ವದ ನಮ್ಮ ಕಟ್ಟಡದಲ್ಲಿ ಲಿಫ್ಟ್ ಪಕ್ಕದ ಗೋಡೆಗೂ ಈಗ ವಾರ್ಲಿ ಚಿತ್ರ ಬಂದಿದೆ. ಕುರ್ತಾ, ಚಹಾ ಕಪ್ಪು, ದಿಂಬಿನ ಚೀಲ, ಎಲ್ಲದರ ಮೇಲೂ ಅದೇ ಬಿಳಿ ಗೊಂಬೆಗಳ ಕುಣಿತ. ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ ನಟ್ಟನಡುವೆ ಕೂರಬೇಕಾದ ದೇವಿಯೇ ಅಲ್ಲಿ ನಾಪತ್ತೆ.

ಈ ಚಿತ್ರದ ಒಡೆಯರಾದ ವಾರ್ಲಿ ಆದಿವಾಸಿಗಳು ಹೆಚ್ಚಾಗಿರುವುದು ಪಾಲ್ಘರ್ ಜಿಲ್ಲೆಯ ಡಹಾಣೂ, ತಲಾಸರಿ, ಜವ್ಹಾರ್ ಕಡೆ. ಮುಂಬಯಿಯೊಳಗೇ ಆರೆ ಕಾಡಿನ ಪಾಡಾಗಳೆಂಬ ಕೇರಿಗಳಲ್ಲೂ ಬೋರಿವಲಿ ನ್ಯಾಷನಲ್ ಪಾರ್ಕಿನಲ್ಲೂ ಇದ್ದಾರೆ. ನಾವು ಹೊಟ್ಟೆಪಾಡಿಗೆಂದು ಇಲ್ಲಿಗೆ ಬರುವ ಎಷ್ಟೋ ಮೊದಲಿನಿಂದ ಇರುವವರು.

ಮದುವೆ ಬಂತೆಂದರೆ ಅವರು ಒಳಗೋಡೆಗೆ ಸೆಗಣಿ ಸಾರಿಸಿ ಕೆಮ್ಮಣ್ಣು ಬಳಿಯುತ್ತಾರೆ. ಅಕ್ಕಿಹಿಟ್ಟಿಗೆ ನೀರು, ತುಸು ಅಂಟು. ಬಿದಿರುಕಡ್ಡಿಯ ತುದಿಯನ್ನು ಜಗಿದು ನಾರು ಬಿಡಿಸಿದರೆ ಕುಂಚ ಸಿದ್ಧ. ಮುತ್ತೈದೆಯರು ಬರೆಯುವುದು ಚೌಕ, ಅದರೊಳಗೆ ಸಂತಾನ, ಫಸಲುಗಳ ತಾಯಿ ಪಾಲ್ಘಟ್ ದೇವಿ. ಚೌಕದಾಚೆಗೆ ಗುಡ್ಡ, ತಾಳೆಮರ, ಹುಂಜ, ಬೇಟೆ, ಗದ್ದೆ. ಮದುವೆ ನಡೆಸುವ ಧವಲೇರಿಯೂ ಹೆಂಗಸೇ, ಅವಳ ಹಾಡೇ ಮಂತ್ರ. ಮಲೆನಾಡಿನ ಸಾಗರದ ಕಡೆಯ ದೀವರ ಹಸೆ ಚಿತ್ತಾರ ನೋಡಿದವರಿಗೆ ಇದು ಹೊಸದೆನಿಸದು. ಅಲ್ಲೂ ಕೆಂಪು ಗೋಡೆ, ಅಕ್ಕಿಯ ಬಿಳಿ, ಮದುವೆ. ಕುಂಚ ಮಾತ್ರ ಪುಂಡಿನಾರಿನದು.

ವಾರ್ಲಿಗಳ ನಿಸರ್ಗಚಿತ್ರಕ್ಕೆ ದಿಗಂತದ ಗೆರೆ ಬೇಡ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂಬ ಲೆಕ್ಕವೂ ಇಲ್ಲ. ಮನುಷ್ಯನೆಂದರೆ ತುದಿಗೆ ತುದಿ ಕೂಡಿದ ಎರಡು ತ್ರಿಕೋನ, ಮೇಲೊಂದು ದುಂಡು ತಲೆ. ಮರದ ಬುಡದಲ್ಲಿ ಅವನು ಇರುವೆಯಷ್ಟೇ.

ಹುಲಿಗೂ ಜಾಗ ಉಂಟು. ಆರೆಯಲ್ಲಿ ಹುಲಿದೇವರಾದ ವಾಘೋಬನ ಪೂಜೆ ಇಂದಿಗೂ ನಡೆಯುತ್ತದೆ. ದೀಪಾವಳಿಯ ಹೊತ್ತಿಗೆ ವಾಘ್‌ಬಾರಸ್ ಹಬ್ಬ. ಹುಲಿ ಕಾಣದಾಗಿ ಬಹಳ ಕಾಲವಾಯಿತು, ಈಗ ತಿರುಗಾಡುವುದು ಚಿರತೆ. ಹುಲಿದೈವ ಪಿಲಿಚಾಮುಂಡಿಗೆ ಕೋಲ ಕೊಡುವ ಊರಿನವನಾದ ನನಗೆ ಈ ಪೂಜೆಯನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. 2019ರ ಅಕ್ಟೋಬರಿನಲ್ಲಿ ಮೆಟ್ರೋ ಕಾರ್‌ಶೆಡ್‌ಗಾಗಿ ಆರೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ಬಿದ್ದಾಗ ನಗರದವರು ಆಮ್ಲಜನಕದ ಮಾತಾಡಿದರು. ಕಾಡನ್ನೇ ದೇವರೆಂದು ನಂಬಿದವರ ನಷ್ಟವನ್ನು ಅಳೆಯುವ ಮಾಪಕ ನಮ್ಮಲ್ಲಿಲ್ಲ.

ಗೋಡೆಯ ಚಿತ್ರ ಕಾಗದಕ್ಕೆ ಇಳಿದದ್ದು 1970ರ ದಶಕದಲ್ಲಿ. ಕಲಾವಿದ ಭಾಸ್ಕರ ಕುಲಕರ್ಣಿ ಹಳ್ಳಿಗಳಿಗೆ ಹೋಗಿ ಬರೆಸಿದರು. ಹೆಂಗಸರ ಕೈಯಲ್ಲಿದ್ದ ಕಲೆಯನ್ನು ಗಂಜಾಡ್‌ನ ಜಿವ್ಯಾ ಸೋಮಾ ಮಾಶೆ ಜಗತ್ತಿಗೆ ಒಯ್ದರು. ಅವರು ಬರೆದ ಮೀನುಬಲೆಯ ಚಿತ್ರದಲ್ಲಿ ಕೂದಲೆಳೆಯಂಥ ಗೆರೆಗಳೇ ಕಾಗದವನ್ನೆಲ್ಲ ತುಂಬಿ ಅಲುಗಿದಂತೆ ಕಾಣುತ್ತವೆ. 2011ರಲ್ಲಿ ಪದ್ಮಶ್ರೀ ಬಂತು, 2018ರಲ್ಲಿ ತೀರಿಕೊಂಡರು. ಮಾರಾಟಕ್ಕೆ ಬರೆದರೆ ದೇವಿ ಮುನಿಯುತ್ತಾಳೆಂದು ನಾನಂತೂ ಹೇಳಲಾರೆ, ಹೊಟ್ಟೆಯೂ ತುಂಬಬೇಕು.

ವಾರ್ಲಿ ಚಿತ್ರಕ್ಕೆ ಈಗ ಭೌಗೋಳಿಕ ಸೂಚಕದ ರಕ್ಷಣೆಯೂ ಉಂಟು. ಕೊಳ್ಳುವುದಾದರೆ ಮೂಲೆಯಲ್ಲಿ ಬರೆದವರ ಹೆಸರಿದೆಯೇ ನೋಡಿ, ಇಲ್ಲದಿದ್ದರೆ ಅಂಗಡಿಯವರನ್ನು ಕೇಳಿ. ಯಂತ್ರದಲ್ಲಿ ಅಚ್ಚಾದ ಮಾಲಿನ ಹಣ ಯಾವ ಪಾಡಾಕ್ಕೂ ತಲುಪುವುದಿಲ್ಲ.